ಇಸುಬಿನ ಕೈಯಲ್ಲಿ ಕಟ್ಟಿದ ಮುದ್ದೆ

ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದಲ್ಲಿ ಒಬ್ಬ ಚರ್ಮದ ಡಾಕ್ಟರ ಹತ್ತಿರ ಕಾಂಪೌಂಡರ್ ಆಗಿದ್ದೆ. ಕೆರೆತ ಅಂತ ಬಂದವರ ಕಷ್ಟ ಕೇಳಿದರೆ ಕರುಳು ಚುರ್ ಅನ್ನೋದು, ಅವರು ಹೇಳೋ ಧಾಟಿಗೆ ನಗು ಬರೋದು. ಎರಡನ್ನೂ ಅದುಮಿಟ್ಟುಕೊಂಡು ಮಾತ್ರೆ ಕಟ್ಟೋದೇ ನನ್ನ ಕೆಲಸ. ಅಂಥವು ದಿನಾ ನಡೆಯೋವು. ಕ್ಯಾತನಹಳ್ಳಿಯ ಒಂದು ಮನೆಯವರದು ಮಾತ್ರ ಇವತ್ತಿಗೂ ಮರೆತಿಲ್ಲ.

ಹಚ್ಚದೆ ಉಳಿದಿದ್ದು

ಅತ್ತೆ, ಮಗ, ಸೊಸೆ ಮೂವರೂ ಬಂದರು. ಸೊಸೆಯ ಎರಡೂ ಕೈಗೆ ಇಸುಬು. ಬೆರಳ ಸಂದಿಯೆಲ್ಲ ಬಿರಿದು ನೀರು ಒಸರುತ್ತಿತ್ತು. ಅತ್ತೆ ಅವಳನ್ನು ಬೆಂಚಿನ ಆ ಕೊನೆಗೆ ಕೂರಿಸಿ, ತಾನು ಈ ಕೊನೆಗೆ ಕೂತಳು. ನಾಲ್ಕು ತಿಂಗಳಿಂದ ಸೊಸೆಗೆ ಬೇರೆ ತಟ್ಟೆ, ಬೇರೆ ಲೋಟ. ಅಡುಗೆಮನೆಗೆ ಕಾಲಿಡೋ ಹಾಗಿಲ್ಲ. ಬಟ್ಟೆ ಒಗೆಯೋದು, ಕೊಟ್ಟಿಗೆ ಬಾಚೋದು ಮಾತ್ರ ಅವಳ ಪಾಲಿಗೆ. ಯುಗಾದಿಯೊಳಗೆ ವಾಸಿಯಾಗದಿದ್ದರೆ ನಾಗಮಂಗಲದ ತವರಿಗೆ ಬಿಟ್ಟು ಬರೋದು ಅಂತ ಅತ್ತೆ ತೀರ್ಮಾನ ಮಾಡಿಬಿಟ್ಟಿದ್ದಳು.

ಇದುವರೆಗೆ ಏನು ಹಚ್ಚಿದಿರಿ ಅಂತ ಡಾಕ್ಟರು ಕೇಳಿದರು. ಅತ್ತೆ ಬೆರಳು ಮಡಚಿ ಎಣಿಸಿದಳು. ಬೇವಿನ ಸೊಪ್ಪು, ಅರಿಶಿನ, ಗಂಧಕ, ಸೀಮೆಎಣ್ಣೆ, ಕೊನೆಗೆ ಟ್ರಾಕ್ಟರಿನ ಹಳೇ ಆಯಿಲ್ಲು. ಡಾಕ್ಟರು ಕನ್ನಡಕ ತೆಗೆದು, ಹಚ್ಚದೆ ಬಿಟ್ಟಿದ್ದು ಏನಾದರೂ ಇದೆಯೇ ಅಂದರು. ಆಯಮ್ಮ ಮೊದಲಿಂದ ಇನ್ನೊಂದು ಸಲ ಬೆರಳು ಎಣಿಸಿದಳು.

"ಸುಣ್ಣ ಒಂದು ಉಳ್ಕಂಡೈತೆ ಸ್ವಾಮಿ. ಅಚ್ಚುಸ್ಲಾ?"

ಖಾಲಿ ಡಬ್ಬಿ

ಇದು ಅಂಟುವ ಕಾಯಿಲೆಯಲ್ಲ, ಮುಟ್ಟಿದರೆ ಬರೋಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ಸೋಪಿನ ನೀರಿಗೆ ಕೈ ಹಾಕಬಾರದು, ಉಗುರು ಬೆಳೆಸಬಾರದು, ಕೈ ತೊಳೆದಾಗಲೆಲ್ಲ ಒರೆಸಿ ಜಿಡ್ಡಿನ ಮುಲಾಮು ಸವರಬೇಕು. ವಾಸಿಯಾದ ಮೇಲೂ ಆಗಾಗ ಮರುಕಳಿಸುತ್ತೆ, ಹೆದರಬಾರದು. ತಿಂಗಳಿಗಾಗುವಷ್ಟು ಮುಲಾಮು ಕೊಟ್ಟು ಕಳಿಸಿದೆವು.

ವಾರಕ್ಕೇ ಗಂಡ ಹೆಂಡತಿ ಖಾಲಿ ಡಬ್ಬಿ ಹಿಡಿದು ಬಂದರು. ಕೈ ಹಂಗೇ ಇತ್ತು. ಗದರಿಸಿದ ಮೇಲೆ ಗಂಡ ಬಾಯಿಬಿಟ್ಟ. ಹಸುವಿನ ಕೆಚ್ಚಲು ಬಿರಿದಿತ್ತಂತೆ, ಅದಕ್ಕೂ ವಸಿ ಹಚ್ಚಿದ್ದನಂತೆ. ಹಸುವಿಗೆ ಹೇಗಿದೆ ಅಂದರು ಡಾಕ್ಟರು. ಪೂರ್ತಿ ವಾಸಿ ಅಂದ.

ನನಗೆ ನಗು ತಡೆಯೋಕಾಗಲಿಲ್ಲ. ಸೊಸೆ ನಗಲಿಲ್ಲ.

"ಹಸೂಗಾದ್ರೆ ಮನೇರೆಲ್ಲ ಮುಟ್ಟಿ ನೋಡ್ತಾರೆ ಕಣಣ್ಣ. ನನ್ ಕೈಯ ಯಾರೂ ಮುಟ್ಟಾಕಿಲ್ಲ."

ಅವಳ ಔಷಧಿ ಚೀಟಿಯನ್ನು ಮೇಜಿನ ಮೇಲಿಟ್ಟು ಅವಳತ್ತ ತಳ್ಳುತ್ತಿದ್ದೆ ನಾನು. ಮೊದಲ ದಿನದಿಂದಲೂ ಹಂಗೇ ತಳ್ಳುತ್ತಿದ್ದೆ. ಅಂಟಲ್ಲ ಅಂತ ಗೊತ್ತಿದ್ದ ನಾನೇ! ನಾಚಿಕೆಯಾಯಿತು. ಚೀಟಿ ಎತ್ತಿ ಅವಳ ಕೈಗೇ ಕೊಟ್ಟೆ.

ಡಾಕ್ಟರು ಈ ಸಲ ಎರಡು ಡಬ್ಬಿ ಬರೆದಿದ್ದರು. ಒಂದರ ಮೇಲೆ 'ಹಸುವಿಗೆ' ಅಂತ ಬರೆದುಕೊಟ್ಟೆ. ಅದು ವಸಿ ದೊಡ್ಡದಿರಲಿ ಅಂದ ಗಂಡ.

ತುತ್ತು

ಒಂದೂವರೆ ತಿಂಗಳಿಗೆ ಬಿರುಕೆಲ್ಲ ಮುಚ್ಚಿತು. ತಟ್ಟೆ ಮಾತ್ರ ಬೇರೆಯೇ. ಡಾಕ್ಟರು ಹೇಳಿದ್ದಕ್ಕೆಲ್ಲ ಆಯಮ್ಮ ತಲೆ ಆಡಿಸೋಳು, ನಂಬೋಳಲ್ಲ. ಒಂದು ಸಲ ಹತ್ತಿದ ರೋಗ ಬಿಟ್ಟು ಹೋಗಲ್ಲ ಅನ್ನೋಳು. ಯುಗಾದಿಗೆ ಎಂಟು ದಿನ ಇತ್ತು.

"ಅಂಟಾಕಿಲ್ಲ ಅಂತ ಬಾಯಲ್ಲಿ ಏಳ್ಬೋದು ಸ್ವಾಮಿ. ಇವಳು ಕಟ್ಟಿದ ಮುದ್ದೆಯ ನೀವು ಉಂತೀರಾ?"

ತನ್ನಿ, ಉಣ್ಣುತ್ತೇನೆ ಅಂದರು ಡಾಕ್ಟರು.

ಮಾರನೇ ದಿನವೇ ಕ್ಯಾರಿಯರ್ ಬಂತು. ಸೊಸೆ ಹಿತ್ತಲಲ್ಲಿ ಬೇರೆ ಒಲೆ ಹೂಡಿ, ಕೈಗೆ ತುಪ್ಪ ಸವರಿಕೊಂಡು ಕಟ್ಟಿದ ಎರಡು ಮುದ್ದೆ, ಹುರುಳಿಕಾಳಿನ ಬಸ್ಸಾರು. ಆಯಮ್ಮ ಎದುರಿಗೇ ಕೂತು ಡಾಕ್ಟರ ಬಾಯನ್ನೇ ನೋಡುತ್ತಿದ್ದಳು. ಸೊಸೆ ಸೆರಗಿನೊಳಗೆ ಕೈ ಮುಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದಳು.

ನಮ್ಮ ಡಾಕ್ಟರು ಕರಾವಳಿಯವರು, ಅನ್ನ ಉಂಡು ಬೆಳೆದವರು. ದೊಡ್ಡ ತುತ್ತು ಮುರಿದು ಬಾಯಿಗಿಟ್ಟು ಅಗಿಯತೊಡಗಿದರು. ಮುದ್ದೆ ಹಲ್ಲಿಗೆಲ್ಲ ಮೆತ್ತಿಕೊಂಡಿತು. ಅಗಿದರು, ಅಗಿದರು, ಕಣ್ಣಲ್ಲಿ ನೀರು ಬಂತು. ಮುದ್ದೆ ಅಗಿಯೋರನ್ನು ನಮ್ಮ ಸೀಮೆಯಲ್ಲಿ ಯಾರು ಕಂಡಿದ್ದಾರೆ! ಆಯಮ್ಮನಿಗೆ ಇಸುಬು ಮರೆತೇ ಹೋಯಿತು.

"ಅಗೀಬಾರ್ದು ಕಣಪ್ಪ, ನುಂಗ್ಬೇಕು. ಇಂಗೆ ನೋಡು" ಅಂತ ಕ್ಯಾರಿಯರಿನಲ್ಲಿದ್ದ ಇನ್ನೊಂದು ಮುದ್ದೆ ಮುರಿದು, ಸಾರಿಗದ್ದಿ, ಗುಳುಂ ಅಂತ ನುಂಗಿದಳು. ಅರ್ಥವಾಗಲಿಲ್ಲವೇನೋ ಅಂತ ಇನ್ನೊಂದು ತುತ್ತು ನುಂಗಿ ತೋರಿಸಿದಳು. ಮೂರನೆಯದು ಕೈಯಲ್ಲಿರುವಾಗ ಸೊಸೆ ಬಿಕ್ಕಿದ್ದು ಕೇಳಿಸಿತು.

ಆಯಮ್ಮ ಅವಳನ್ನು ನೋಡಿದಳು. ಕೈಲಿದ್ದ ತುತ್ತು ನೋಡಿದಳು. ಕೊನೆಗೆ ಅದನ್ನೂ ನುಂಗಿದಳು.

"ಮುದ್ದೆ ಗಂಟಾಗೈತೆ ಕಣವ್ವ. ನಾಳಿಂದ ಒಲೆ ಮುಂದಕ್ಕೆ ಬಾ, ತಿರುವೋದ ನಾನೇ ಏಳ್ಕೊಡ್ತೀನಿ."

ಕೈಗೆ ಬಿಸಿ ಜಾಸ್ತಿ ತಾಗಿಸಬೇಡಿ ಅಂತ ಹೇಳೋಕೆ ಡಾಕ್ಟರು ಬೆರಳೆತ್ತಿದರು. ಮಾತು ಬರಲಿಲ್ಲ. ಮೊದಲನೇ ತುತ್ತು ಇನ್ನೂ ಬಾಯಲ್ಲೇ ಇತ್ತು.