ನಕಲಿ ರೋಗಿಯ ಅಸಲಿ ಹೆಗಲು

ಸುಳ್ಳು ಹೇಳುವುದು ನನಗೆ ಅಷ್ಟಾಗಿ ಬರುವುದಿಲ್ಲ. ಸುಳ್ಳು ನರಳುವುದು ಮಾತ್ರ ಬಹಳ ಚೆನ್ನಾಗಿ ಬರುತ್ತದೆ. ಬೇಡವಾದ ಮದುವೆಗಳು, ಎರಡು ದಿನಕ್ಕೆಂದು ಬಂದು ವಾರಗಟ್ಟಲೆ ಉಳಿಯುವ ನೆಂಟರು, ಗಿರಣಿಗೆ ಹೋಗಿ ಗೋದಿ ಬೀಸಿಸಿಕೊಂಡು ಬರುವ ಕೆಲಸ, ಇವುಗಳಿಂದೆಲ್ಲ ನಾನು ಇಷ್ಟು ವರ್ಷ ಪಾರಾದದ್ದು ನರಳಿಯೇ. ಬೆಳಗಾವಿಯ ಕಾರ್ಖಾನೆಗಳ ಬಡಾವಣೆಯಾದ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸಕ್ಕಿದ್ದಾಗ ಕಾರ್ಖಾನೆಯ ನಾಟಕಗಳಲ್ಲಿ ಸಾಯುವ ಪಾತ್ರಗಳೆಲ್ಲ ನನ್ನ ಪಾಲಿಗೇ ಬರುತ್ತಿದ್ದವು. ಒಮ್ಮೆಯಂತೂ ನಾನು ಸತ್ತ ಪರಿಗೆ ಜನ ಮೆಚ್ಚಿ 'ಒನ್ಸ್ ಮೋರ್' ಎಂದು ಕೂಗಿದ್ದರಿಂದ ಎದ್ದು ನಿಂತು, ಕೈಮುಗಿದು, ಮತ್ತೊಮ್ಮೆ ಸತ್ತಿದ್ದೆ. ಆದರೆ ಈ ವಿದ್ಯೆಯಲ್ಲಿ ಒಂದು ತೊಡಕಿದೆ. ಸುಳ್ಳು ನೋವಿಗೆ ಅಷ್ಟೊಂದು ಗದ್ದಲ ಮಾಡಿದವನಿಗೆ ನಿಜವಾದ ನೋವು ಬಂದಾಗ ಬಾಯಿ ಬಿಡಲು ನಾಚಿಕೆಯಾಗುತ್ತದೆ.

ನನಗೆ ನಿಜವಾದ ನೋವು ಬಂದದ್ದು ಎಡ ಹೆಗಲಿಗೆ. ಒಂದೇ ದಿನ ಬಂದದ್ದಲ್ಲ. ಬಾಡಿಗೆಗೆ ಬಂದವರು ಒಂದೊಂದೇ ಸಾಮಾನು ತಂದಿಡುವಂತೆ ಮೆಲ್ಲಗೆ ಬಂದು ನೆಲೆಸಿತು. ಮೊದಲು ಬನಿಯನ್ ಹಾಕಿಕೊಳ್ಳುವುದು ಕಷ್ಟವಾಯಿತು, ಬನಿಯನ್ ಬಿಟ್ಟೆ. ಆಮೇಲೆ ಅಂಗಿಗೆ ಎಡಗೈಯನ್ನೇ ಮೊದಲು ತೂರಿಸುವ ಉಪಾಯ ಕಂಡುಕೊಂಡೆ. ಕಪಾಟಿನ ಮೇಲಿನ ಡಬ್ಬಿ ತೆಗೆದುಕೊಡಿ ಎಂದು ಹೆಂಡತಿ ಗಿರಿಜಾ ಕೇಳಿದರೆ, ನನ್ನ ಎತ್ತರ ಸಾಲುವುದಿಲ್ಲ ಎಂದುಬಿಡುತ್ತಿದ್ದೆ.

"ಮದವಿ ಆದಾಗ ಸಾಲ್ತಿತ್ತಲ್ರಿ? ಈಗ ಗಿಡ್ಡ ಆಗೀರೇನು?" ಎಂದು ಅವಳು ಸ್ಟೂಲು ಎಳೆದುಕೊಳ್ಳುತ್ತಿದ್ದಳು.

ಡಾಕ್ಟರ ಬಳಿ ಹೋಗಬಹುದಿತ್ತು. ಆದರೆ ಇಂದಿನ ಡಾಕ್ಟರು ಹೆಗಲು ತೋರಿಸಿದರೂ ಮೊದಲು ರಕ್ತ ಕೇಳುತ್ತಾರೆ. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ನನಗೆ ಚಹಾಕ್ಕೆ ಮೂರು ಚಮಚ ಸಕ್ಕರೆ ಬೇಕು. ಈ ಎರಡು ಸಂಗತಿಗಳು ಒಂದೇ ಕಾಗದದ ಮೇಲೆ ಭೇಟಿಯಾಗುವುದು ನನಗೆ ಇಷ್ಟವಿರಲಿಲ್ಲ. ಹೀಗಾಗಿ ಫೌಂಡ್ರಿಯಲ್ಲಿ ಎತ್ತಿದ ಭಾರದಿಂದ ಬಂದ ನೋವು ಎಂದು ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡು ಸುಮ್ಮನಿದ್ದೆ.

ಸದಾಶಿವನಗರದ ನಮ್ಮ ಓಣಿಯಲ್ಲೇ ಪದ್ಮಾವತಿ ಮೇಡಂ ಇದ್ದಾರೆ. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವರು. ಮೂಳೆ, ಕೀಲು, ಸ್ನಾಯು, ಗ್ರಂಥಿ ಇವೆಲ್ಲ ಹೇಗೆ ಕೆಡುತ್ತವೆ, ಕೆಟ್ಟಾಗ ಮೈಯೊಳಗೆ ಏನೇನು ನಡೆಯುತ್ತದೆ ಎನ್ನುವುದೇ ಅವರ ವಿಷಯ. ಒಂದು ದಿನ ಅವರು ಮನೆಗೆ ಬಂದು, "ಬಸಣ್ಣಾರ, ನಮ್ಮ ಹುಡುಗ್ಯಾರ ಪ್ರಾಕ್ಟಿಕಲ್ ಪರೀಕ್ಷಾಕ್ಕ ಒಬ್ಬ ರೋಗಿ ಬೇಕಾಗ್ಯಾನ್ರಿ. ಖರೇ ರೋಗಿ ಅಲ್ಲ, ನಟನಾ ಮಾಡಾವ. ನಿಮ್ಮನ್ನ ಬಿಟ್ಟರ ಈ ಊರಾಗ ಇನ್ಯಾರದಾರು?" ಎಂದರು. ಕಲಾವಿದನನ್ನು ಹೀಗೆ ಕರೆದರೆ ಅವನು ಬರುವುದಿಲ್ಲ ಎನ್ನುತ್ತಾನೆಯೇ? ಒಳಗಿನಿಂದ ಗಿರಿಜಾ, "ಅವರಿಗೆ ತಾಲೀಮು ಬ್ಯಾಡ್ರಿ ಮೇಡಂ, ದಿನಾ ನಡೆದೈತಿ" ಎಂದಳು.

ನನ್ನ ಪಾತ್ರ ಥೈರಾಯ್ಡ್ ಕಡಿಮೆಯಾದವನದು. ಮೇಡಂ ನನಗೆ ಅರ್ಥವಾಗುವ ಭಾಷೆಯಲ್ಲೇ ಪಾಠ ಹೇಳಿದರು. ಗಂಟಲಿನಲ್ಲಿರುವ ಈ ಗ್ರಂಥಿ ದೇಹದ ಕುಲುಮೆಗೆ ಗಾಳಿ ಊದುವ ಕೆಲಸದವನಂತೆ. ಅವನು ಕೆಲಸ ಕಡಿಮೆ ಮಾಡಿದರೆ ಬೆಂಕಿ ಮಂದವಾಗುತ್ತದೆ. ಮೈ ತಣ್ಣಗಾಗುತ್ತದೆ, ಮಾತು ನಿಧಾನವಾಗುತ್ತದೆ, ಮುಖ ಬಾತುಕೊಳ್ಳುತ್ತದೆ, ನಾಡಿ ತೆವಳುತ್ತದೆ. ತಲೆಯೊಳಗೆ ಕುಳಿತ ಇನ್ನೊಂದು ಗ್ರಂಥಿ ಮೇಸ್ತ್ರಿಯ ಹಾಗೆ; ಕೆಲಸದವನು ಕೈಕಟ್ಟಿ ಕುಳಿತಷ್ಟೂ ಅದರ ಕೂಗು ಜೋರಾಗುತ್ತದೆ. ರಕ್ತಪರೀಕ್ಷೆಯಲ್ಲಿ ಏರಿ ಕಾಣುವ ಅಂಕಿ ಆ ಕೂಗಿನದು. ನನಗೆ ಬಹಳ ಆನಂದವಾಯಿತು. ಇಷ್ಟು ವರ್ಷ ನಾನು ಉದ್ಯಮಬಾಗಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ, ಇಡೀ ಉದ್ಯಮಬಾಗವೇ ನನ್ನೊಳಗೆ ನಡೆಯುತ್ತಿದ್ದದ್ದು ಗೊತ್ತೇ ಇರಲಿಲ್ಲ.

ಪರೀಕ್ಷೆಯ ದಿನ ನನ್ನನ್ನು ಮಂಚದ ಮೇಲೆ ಮಲಗಿಸಿದರು. ಹೊರ ಊರಿನಿಂದ ಬಂದ ಪರೀಕ್ಷಕಿ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ನಕ್ಕರೆ ಅಂಕ ಸೋರಿಹೋದಾವು ಎನ್ನುವಂಥ ಮುಖ. ಮೊದಲ ಹುಡುಗಿ ಹೆಸರು ಕೇಳಿದಳು. ನಿಧಾನವಾಗಿ ಮಾತಾಡಬೇಕಲ್ಲವೇ? ನಾನು 'ಬ' ಎಂದು ಶುರುಮಾಡಿ 'ರಾಜ' ಎಂದು ಮುಗಿಸುವ ಹೊತ್ತಿಗೆ ಅವಳ ಸಮಯ ಅರ್ಧ ಕಳೆದಿತ್ತು. ಎರಡನೆಯವಳು ಬರುವಾಗ ಚಳಿಯ ನಟನೆಗೆಂದು ಕಂಬಳಿ ಹೊದ್ದೆ. ಬೇಸಿಗೆಯ ದಿನ, ಮೈಯೆಲ್ಲ ಬೆವರಿತು. ರಂಗ ಏರಿದ ಉತ್ಸಾಹಕ್ಕೆ ನಾಡಿ ಕುದುರೆಯಂತೆ ಓಡುತ್ತಿತ್ತು. ಆ ಹುಡುಗಿ ಪಾಪ, ಬೆವರು ಮತ್ತು ನಾಡಿ ಎರಡನ್ನೂ ನೋಡಿ ಥೈರಾಯ್ಡ್ ಹೆಚ್ಚಾಗಿದೆ ಎಂದು ತೀರ್ಪು ಕೊಟ್ಟಳು. ಪದ್ಮಾವತಿ ಮೇಡಂ ಬಾಗಿಲಿನಿಂದಲೇ ಕಂಬಳಿ ತೆಗೆಯಿರಿ ಎಂದು ಕಣ್ಸನ್ನೆ ಮಾಡಿದರು.

ಮೂರನೆಯವಳು ಸುನೀತಾ. ಖಾನಾಪುರ ತಾಲ್ಲೂಕಿನವಳು, ಮನೆಮಾತು ಮರಾಠಿ, ತೆಳ್ಳಗಿನ ದನಿಯ ಹುಡುಗಿ. ರಕ್ತದೊತ್ತಡ ನೋಡಲು ಪಟ್ಟಿ ಸುತ್ತಬೇಕೆಂದು ನನ್ನ ಎಡಗೈಯನ್ನು ಎತ್ತಿದಳು. ನಾನು ನರಳಲಿಲ್ಲ, ಹಲ್ಲು ಕಚ್ಚಿದೆ. ಅದನ್ನೇ ಅವಳು ಗಮನಿಸಿದಳು.

"ಕಾಕಾ, ಈ ಹೆಗಲ ಯಾವಾಗಿಂದ ಹಿಂಗೈತಿ?"

ನನ್ನ ಪಾತ್ರದಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಅವಳು ನನ್ನ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಮುಂಗೈಯನ್ನು ಹೊರಕ್ಕೆ ತಿರುಗಿಸಲು ಹೇಳಿದಳು. ಅದು ತಿರುಗಲಿಲ್ಲ. ತಾನೇ ಹಿಡಿದು ಮೆಲ್ಲಗೆ ತಿರುಗಿಸಿದಳು. ಆಗಲೂ ಇಲ್ಲ.

"ನೀವು ತಿರುಗಿಸಿದ್ರೂ ತಿರಗವಲ್ದು, ನಾ ತಿರುಗಿಸಿದ್ರೂ ತಿರಗವಲ್ದು," ಎಂದು ತನಗೆ ತಾನೇ ಹೇಳಿಕೊಂಡಳು. "ಸ್ನಾಯು ಹರಿದಿದ್ರ ನಾ ತಿರುಗಿಸಿದಾಗ ತಿರಗ್ತಿತ್ತು. ಇದು ಕೀಲಿನ ಚೀಲಾನ ಬಿಗದೈತಿ." ಆಮೇಲೆ ನನ್ನ ಕಣ್ಣನ್ನೇ ನೋಡುತ್ತ, "ಕಾಕಾ, ಖರೇ ಹೇಳ್ರಿ. ಶುಗರ್ ಯಾವಾಗ ನೋಡ್ಸೀರಿ?" ಎಂದಳು.

ಅಷ್ಟರಲ್ಲಿ ಗಂಟೆ ಬಾರಿಸಿತು. ಥೈರಾಯ್ಡಿಗೆ ಮುಖ್ಯವಾದ ಕುತ್ತಿಗೆಯ ತಪಾಸಣೆಯನ್ನೇ ಅವಳು ಇನ್ನೂ ಮಾಡಿರಲಿಲ್ಲ. ಪರೀಕ್ಷಕಿ ಎದ್ದು ಬಂದು, "ಹೆಗಲು ನಿಮ್ಮ ಪಾತ್ರದಾಗ ಇಲ್ಲ. ಖರೇನ ನೋವೈತೇನು?" ಎಂದು ನನ್ನನ್ನೇ ಕೇಳಿದರು. ಹೌದು ಎಂದರೆ ಮುಂದೆ ರಕ್ತ, ಅದರ ಮುಂದೆ ಸಕ್ಕರೆ. ನಾನು ನಗುತ್ತ, "ಇಲ್ರಿ ಮೇಡಂ, ಸ್ವಲ್ಪ ಹೆಚ್ಚಿಗಿ ನಟನಾ ಮಾಡಿಬಿಟ್ಟೆ" ಎಂದೆ. ಅವರು ಏನೋ ಬರೆದುಕೊಂಡರು. ಸುನೀತಾ ನನ್ನ ಮೇಲೆ ಸಿಟ್ಟಾಗಲಿಲ್ಲ. ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು, ಅವೇ ತನಗೆ ಮೋಸ ಮಾಡಿದವೇನೋ ಎಂಬಂತೆ. ಹಾಗೇ ಹೊರಗೆ ಹೋದಳು.

ಮನೆಗೆ ಬಂದು ಚಹಾದ ಕಪ್ಪನ್ನು ಬದಿಗಿಟ್ಟೆ. ಗಿರಿಜಾಗೆ ಎಲ್ಲ ಹೇಳಿದೆ: ಹೆಗಲು, ಬನಿಯನ್, ಸುಳ್ಳು, ಆ ಹುಡುಗಿಯ ಅಂಗೈ. "ನನ್ನ ಮುಂದ ಸುಳ್ಳು ಹೇಳಿದ್ದು ಇರಲಿ, ಅದು ನನಗ ರೂಢಿ ಆಗೈತಿ," ಎಂದಳು ಅವಳು. "ಆ ಕೂಸು ಏನ್ ಪಾಪ ಮಾಡಿತ್ರಿ? ಕಲ್ತದ್ದು ಖರೇ ಇದ್ರೂ ಖೊಟ್ಟಿ ಅಂದ್ರ ಮುಂದ ಅದು ಯಾರ ಮೈ ಮುಟ್ಟೀತು?"

ಮರುದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಅವಳೇ ನನ್ನನ್ನು ಲ್ಯಾಬಿಗೆ ಕರೆದೊಯ್ದಳು. ನಾನು ಇಷ್ಟು ವರ್ಷ ತಪ್ಪಿಸಿದ್ದ ಭೇಟಿ ಆ ಕಾಗದದ ಮೇಲೆ ನಡೆದೇಹೋಯಿತು. ಸಕ್ಕರೆ ಚೆನ್ನಾಗಿಯೇ ಏರಿತ್ತು. ಕಾಗದ ಹಿಡಿದು ಕಾಲೇಜಿಗೆ ಹೋಗಿ ಪರೀಕ್ಷಕಿಯ ಮುಂದೆ ನಿಂತು ತಪ್ಪು ಒಪ್ಪಿಕೊಂಡೆ. ಅವರು ನನ್ನ ತೋಳನ್ನು ಹಿಡಿದು ಎತ್ತಿದರು. ನನ್ನ ಬಾಯಿಂದ ಒಂದು ಸಣ್ಣ, ಯಾವ ಕಲೆಯೂ ಇಲ್ಲದ ಸದ್ದು ಹೊರಟಿತು.

"ಇದನ್ನ ಯಾರೂ ನಟಿಸಾಕ ಆಗೂದಿಲ್ಲ," ಎಂದರು ಪದ್ಮಾವತಿ ಮೇಡಂ ಕಡೆ ತಿರುಗಿ. "ನಾಳಿ ಮಧ್ಯಾಹ್ನದ ತನಕ ನಾ ಇಲ್ಲೇ ಇರ್ತೇನಿ. ಆಕಿ ಬಂದು ಉಳಿದ ತಪಾಸಣಿ ಮುಗಸಲಿ."

ಆದರೆ ಸುನೀತಾ ಎಲ್ಲಿದ್ದಳು? ಫೇಲಾದೆ ಎಂದುಕೊಂಡು ಹಿಂದಿನ ಸಂಜೆಯೇ ಊರಿಗೆ ಹೋಗಿಬಿಟ್ಟಿದ್ದಳು. ಅವಳ ಊರು ಖಾನಾಪುರದಾಚೆ ಹಲಸಿಯ ದಾರಿಯಲ್ಲಿ ಒಳಗೆ ಎಲ್ಲೋ. ಅಲ್ಲಿ ಫೋನು ಹತ್ತುವುದಿಲ್ಲ. "ಸುಳ್ಳು ಹೇಳಿದಾವರು ನೀವು, ಬಸ್ ಹತ್ತಾವರೂ ನೀವ" ಎಂದಳು ಗಿರಿಜಾ. ಹಾಗೆ ಹೇಳಿ ತಾನೂ ಹತ್ತಿದಳು. ಖಾನಾಪುರದಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಹೋಗಿ, ಒಂದೇ ಕೈಯಲ್ಲಿ ಸರಳು ಹಿಡಿದು ಪ್ರತಿ ತಿರುವಿಗೂ ಯಾರದೋ ಮಡಿಲಿಗೆ ಬೀಳುತ್ತ ಆ ಊರು ಮುಟ್ಟಿದೆ. ದಾರಿಯುದ್ದಕ್ಕೂ ಕ್ಷಮಾಪಣೆಯ ಮಾತುಗಳನ್ನು ನಾಟಕದ ಸಂಭಾಷಣೆಯಂತೆ ಬಾಯಿಪಾಠ ಮಾಡಿಕೊಂಡಿದ್ದೆ.

ಸುನೀತಾಳ ತಾಯಿ "ಯಾ, ಬಸಾ" ಎಂದು ಬರಮಾಡಿಕೊಂಡು ಕೂರಲು ಚಾಪೆ ಹಾಸಿದರು. ಬೆಳಗಾವಿಯಿಂದ ನಿಮ್ಮ ಮಗಳನ್ನು ನೋಡಲು ಬಂದೆವು ಎಂದು ನಾನು ಹೇಳಿದ್ದೇ ತಪ್ಪಾಯಿತು. ಅವರು ಸೆರಗು ಸರಿಮಾಡಿಕೊಂಡು ಒಳಗೆ ಓಡಿದರು. ಸ್ವಲ್ಪ ಹೊತ್ತಿನಲ್ಲಿ ಅವಲಕ್ಕಿ ಬಂತು, ಲಾಡು ಬಂತು, ಚಹಾ ಬಂತು, ಪಕ್ಕದ ಮನೆಯ ಇಬ್ಬರು ಹೆಂಗಸರೂ ಬಂದು ಬಾಗಿಲಲ್ಲಿ ನಿಂತರು. ಅವರಲ್ಲೊಬ್ಬಳು ನಮ್ಮ ಹಿಂದೆ ಮುಂದೆ ಇಣುಕಿ, "ಮುಲ್ಗಾ ಕುಠೆ ಆಹೆ?" ಎಂದಳು. ಹುಡುಗ ಎಲ್ಲಿ ಎಂಬ ಪ್ರಶ್ನೆ! ಗಿರಿಜಾ ಅವಲಕ್ಕಿ ನೆತ್ತಿಗೆ ಹತ್ತಿ ಕೆಮ್ಮುತ್ತ, "ಹುಡುಗ ಅಂದ್ರ ಇವರ ನೋಡ್ರಿ. ಆದರ ಇವರ ಮದವಿ ಆಗೈತ್ರಿ" ಎಂದಳು.

ಆ ಗದ್ದಲಕ್ಕೆ ಸುನೀತಾ ಹಿತ್ತಲಿನಿಂದ ಬಂದಳು. ನನ್ನನ್ನು ಕಂಡು ಅಲ್ಲೇ ನಿಂತಳು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಹೆಗಲ ನೋವು ಖರೇನ ಐತಿ ಅವ್ವಾ," ಎಂದೆ. "ಸುಳ್ಳು ಹೇಳಿದಾವ ನಾನು. ನಿನ್ನ ಕೈ ತಪ್ಪು ಮಾಡಿಲ್ಲ."

ಅವಳು ಅಳಬಹುದು, ಬಯ್ಯಬಹುದು ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: "ಶುಗರ್?"

"ಐತಿ."

ಅವಳ ಮುಖ ಅರಳಿತು. ನನಗೆ ರೋಗವಿದೆ ಎಂದು ಕೇಳಿ ಅಷ್ಟು ಸಂತೋಷಪಟ್ಟವರನ್ನು ನಾನು ಎಂದೂ ಕಂಡಿಲ್ಲ. ಮರುಕ್ಷಣವೇ ಬಂದು ನನ್ನ ಕೈಯಲ್ಲಿದ್ದ ಚಹಾದ ಕಪ್ಪನ್ನೂ ಲಾಡುವನ್ನೂ ಕಿತ್ತುಕೊಂಡಳು. ಆಮೇಲೆ ಚಾಪೆಯ ಮೇಲೆ ಕುಳಿತು, ಸಕ್ಕರೆ ರಕ್ತದಲ್ಲಿ ಬಹಳ ದಿನ ಏರಿ ನಿಂತರೆ ಕೀಲಿನ ಸುತ್ತಲಿನ ಮೆತ್ತನೆಯ ಚೀಲಕ್ಕೆ ಅಂಟಿ ಅದನ್ನು ಹೇಗೆ ಗಡುಸು ಮಾಡುತ್ತದೆ ಎಂಬುದನ್ನು ನನಗೆ ಕನ್ನಡದಲ್ಲೂ ತಾಯಿಗೆ ಮರಾಠಿಯಲ್ಲೂ ವಿವರಿಸಿದಳು. ಬಾಗಿಲಲ್ಲಿದ್ದ ಹೆಂಗಸೊಬ್ಬಳು ಮೆಲ್ಲಗೆ ತನ್ನ ಭುಜ ಎತ್ತಿ ನೋಡಿಕೊಂಡಳು. ಗದ್ದೆಯಿಂದ ಬಂದ ಅಪ್ಪನಿಗೆ ಎಲ್ಲ ತಿಳಿಸಿ, ಆ ಸಂಜೆಯ ಬಸ್ಸಿಗೇ ಅವಳು ನಮ್ಮ ಜೊತೆ ಹೊರಟಳು. ಬಸ್ಸಿನಲ್ಲಿ ಸೀಟು ಸಿಕ್ಕಿತು. ಅವಳೇ ಯಾರನ್ನೋ ಎಬ್ಬಿಸಿ, ಇವರು ಪೇಶಂಟು ಎಂದು ನನ್ನನ್ನು ಕೂರಿಸಿದಳು.

ಮರುದಿನ ಅವಳು ನನ್ನ ಕುತ್ತಿಗೆ ತಪಾಸಣೆ ಮಾಡಿ ಮುಗಿಸಿದಳು. ನಾನು ಎಷ್ಟು ನೆಟ್ಟಗೆ, ಎಷ್ಟು ಕಡಿಮೆ ನಟಿಸಿದೆನೆಂದರೆ ಪರೀಕ್ಷಕಿಯ ತುಟಿ ಒಂದಿಷ್ಟು ಅಲುಗಿತು. ಅವಳು ಪಾಸಾದಳು. ನನಗೆ ಮಾತ್ರೆ, ಸಪ್ಪೆ ಚಹಾ, ಮತ್ತು ಗೋಡೆಯ ಮೇಲೆ ಬೆರಳುಗಳನ್ನು ಜೇಡದಂತೆ ಹತ್ತಿಸುವ ವ್ಯಾಯಾಮ ಗಂಟುಬಿದ್ದವು. ದಿನಕ್ಕಿಷ್ಟು ಎಂದು ಗಿರಿಜಾ ಪೆನ್ಸಿಲಿನಿಂದ ಗೋಡೆಗೆ ಗುರುತು ಹಾಕುತ್ತಿದ್ದಳು. ಮನೆಗೆ ಬಂದವರು ಅದನ್ನು ಮೊಮ್ಮಗನ ಎತ್ತರದ ಗುರುತೆಂದು ತಿಳಿದು, ಬಹಳ ಬೇಗ ಬೆಳೀತಾನಲ್ಲ ಎನ್ನುತ್ತಿದ್ದರು. ಆ ಗೋಡೆಯ ಮೊಮ್ಮಗ ನಿಧಾನಕ್ಕೇ ಬೆಳೆದ, ಆದರೆ ಬೆಳೆದ. ಈಗ ಅವನು ಬಾಗಿಲ ಚೌಕಟ್ಟು ಮುಟ್ಟುತ್ತಾನೆ.

ಈ ವರ್ಷ ಪದ್ಮಾವತಿ ಮೇಡಂ ಮತ್ತೆ ಬಂದರು. "ಈ ಸಲ ನಿಮಗ ಏನೂ ಆಗದಾವನ ಪಾತ್ರ, ಬಸಣ್ಣಾರ. ರೋಗ ಇಲ್ಲದಾವನ್ನ ರೋಗ ಇಲ್ಲ ಅಂತ ಗುರುತಿಸೂದೂ ಹುಡುಗ್ಯಾರು ಕಲೀಬೇಕಲ್ರಿ." ಬಹಳ ಸುಲಭವೆಂದುಕೊಂಡು ಒಪ್ಪಿದೆ. ಮೊದಲ ಹುಡುಗಿ ಬಂದು, ಏನಾದರೂ ತೊಂದರೆ ಇದೆಯೇ ಎಂದು ಕೇಳಿದಳು. ಏನೂ ಇಲ್ಲ ಎಂದಷ್ಟೇ ನಾನು ಹೇಳಬೇಕಾಗಿತ್ತು. ಆದರೆ ಖರೇ ಹೇಳುವ ರುಚಿ ಹತ್ತಿಬಿಟ್ಟಿತ್ತಲ್ಲ! ಹೆಗಲಿನಿಂದ ಶುರುಮಾಡಿ ಸಕ್ಕರೆ, ಸಪ್ಪೆ ಚಹಾ, ಖಾನಾಪುರದ ಬಸ್ಸು ಎಲ್ಲವನ್ನೂ ಗಂಟೆ ಬಾರಿಸುವವರೆಗೆ ಹೇಳಿದೆ. ಆ ಹುಡುಗಿ ತನ್ನ ಹಾಳೆಯಲ್ಲಿ ಬರೆದದ್ದನ್ನು ಮೇಡಂ ಆಮೇಲೆ ತೋರಿಸಿದರು: "ರೋಗಿ ಬಹಳ ಮಾತಾಡುತ್ತಾರೆ. ಕಾರಣ ಪತ್ತೆಯಾಗಲಿಲ್ಲ." ಗಿರಿಜಾಗೆ ಹೇಳಿದರೆ, ಆ ಹುಡುಗಿಗೆ ಪೂರ್ತಿ ಅಂಕ ಕೊಡಬೇಕು ಎಂದಳು.