ಸಾಸವಡದಲ್ಲಿ ಬೀಡುಬಿಟ್ಟ ಸೈನ್ಯ

ಮೋಡಿ ಲಿಪಿ ಕಷ್ಟ ಎಂದು ಯಾರು ಹೇಳಿದರೋ ಗೊತ್ತಿಲ್ಲ. ನನಗೆ ಎರಡೇ ತಿಂಗಳಲ್ಲಿ ಬಂತು. ಬಂತು ಎಂದು ನಾನು ತಿಳಿದುಕೊಂಡೆ ಎಂದರೆ ಹೆಚ್ಚು ಸರಿ.

ಹಳೆಯ ಮರಾಠಿ ಪತ್ರಗಳಲ್ಲಿ ಬಹಳಷ್ಟು ಇರುವುದು ಈ ಲಿಪಿಯಲ್ಲೇ. ಲೇಖನಿ ಎತ್ತದೆ ಓಡಿಸಿಕೊಂಡು ಹೋಗುವ ಬರಹ. ಪದಗಳ ನಡುವೆ ಜಾಗ ಬಿಡುವ ಪದ್ಧತಿಯಿಲ್ಲ. ಎಲ್ಲಿ ನಿಲ್ಲಬೇಕೆಂಬುದು ಓದುವವನ ಹಣೆಬರಹ. ಧಾರವಾಡದಿಂದ ಬಂದು ಪುಣೆಯ ಕೋಥರೂಡದಲ್ಲಿ ನೆಲೆಸಿದ ನಾನು, ನಿವೃತ್ತಿಯ ನಂತರ ವಸುಧಾ ಮೇಡಂ ಅವರ ಭಾನುವಾರದ ಮೋಡಿ ತರಗತಿಗೆ ಸೇರಿದ್ದೆ. ರಾಯಭಾರಿಯ ಪತ್ರ, ರಣರಂಗದಿಂದ ಬಂದ ಪತ್ರ ಓದುವಾಗ ನನ್ನ ಮೈ ಜುಮ್ಮೆನ್ನುತ್ತಿತ್ತು. ಮೇಡಂ ಮಾತ್ರ ಅಡುಗೆ, ಬಾಣಂತನ, ಜ್ವರ, ಕಷಾಯದ ಪತ್ರಗಳನ್ನೂ ಅಷ್ಟೇ ಪ್ರೀತಿಯಿಂದ ಓದಿಸುತ್ತಿದ್ದರು. ಆ ಹೊತ್ತಿಗೆ ನಾನು ಚಹಾ ಕುಡಿಯಲು ಎದ್ದು ಹೋಗುತ್ತಿದ್ದೆ.

ಹೀಗಿರುವಾಗ ಪಕ್ಕದ ಮನೆಯ ಶೈಲಾತಾಯಿಯ ತವರಿನಲ್ಲಿ, ಅಂದರೆ ಭೋರ್ ಎಂಬ ಊರಿನ ಹಳೆಯ ವಾಡೆಯಲ್ಲಿ, ಮಾಡು ರಿಪೇರಿ ಮಾಡುವಾಗ ಕಾಗದಗಳ ಒಂದು ಗಂಟು ಸಿಕ್ಕಿತು. ಅವರ ಅಣ್ಣ ವಿನಾಯಕರಾವ್ ಅದನ್ನು ತಂಗಿಯ ಮನೆಗೆ ತಲುಪಿಸಿದರು. ಶೈಲಾತಾಯಿ ಅದರಲ್ಲಿ ಒಂದು ಪತ್ರ ತಂದು ನನ್ನ ಕೈಗಿಟ್ಟು, ಏನಿದೆ ನೋಡಿ ಹೇಳಿ ಎಂದರು.

ಭೂತಗನ್ನಡಿ ಹಿಡಿದು ಕೂತೆ. ಮೊದಲು ಪುಣೆಯ ಹತ್ತಿರದ 'ಸಾಸವಡ' ಎಂಬ ಊರು ಸಿಕ್ಕಿತು. ಅದರ ಹಿಂದೆ 'ವರ್ಹಾಡ'. ವರ್ಹಾಡ ಎಂದರೆ ನಾಗಪುರದ ಕಡೆಯ ಪ್ರಾಂತ, ಪುಣೆಯವರಿಗೂ ಅಲ್ಲಿಯವರಿಗೂ ಆ ಕಾಲದಲ್ಲಿ ಅಷ್ಟಕ್ಕಷ್ಟೆ. ವರ್ಹಾಡ ಸಾಸವಡದಲ್ಲಿ ಇಳಿದಿದೆ! ಮುಂದೆ 'ಗೋಳೆ', ಅಂದರೆ ಗುಂಡುಗಳು, ತಯಾರಾಗಿವೆ. 'ತೋಫ', ಅಂದರೆ ಫಿರಂಗಿ, ಸಾಲದು, ಕೂಡಲೇ ಕಳಿಸಿ. ವಿಹೀನ್ ಭಾಈ ಎಂಬುವನು ಕೆಂಡವಾಗಿದ್ದಾನೆ, ಹೇಗಾದರೂ ಮಾಡಿ ಒಪ್ಪಂದ ಆಗಬೇಕು.

ಯಾವ ಚರಿತ್ರೆಯ ಪುಸ್ತಕದಲ್ಲೂ ಇಲ್ಲದ ಯುದ್ಧವೊಂದನ್ನು ನಾನು ಊಟದ ಮೇಜಿನ ಮೇಲೆ ಕಂಡುಹಿಡಿದಿದ್ದೆ. ಆ ಭಾಈ ಹೆಸರು ಎಲ್ಲೂ ಕೇಳಿರಲಿಲ್ಲ ಎಂಬುದೇ ನನ್ನ ಸಂಶೋಧನೆಯ ಮಹತ್ವಕ್ಕೆ ಸಾಕ್ಷಿ ಎನಿಸಿತು.

ಹೆಂಡತಿ ಸುನಂದಾ ಮಾತ್ರ ಪಲ್ಯ ಹೆಚ್ಚುತ್ತಲೇ ಹೇಳಿದಳು: "ಒಮ್ಮೆ ಮೇಡಂ ಅವರಿಗೆ ತೋರಸ್ರಿ. ನಿಮಗ ನಮ್ಮ ಡಾಕ್ಟರ್ ಬರದ ಚೀಟಿನೂ ಓದಾಕ ಬರೂದಿಲ್ಲ."

ಅಸೂಯೆ ಎಂದುಕೊಂಡೆ. ಶೈಲಾತಾಯಿಗೆ ಪತ್ರವನ್ನು ಓದಿ ಹೇಳಲಿಲ್ಲ, ಸಾರಾಂಶ ಹೇಳಿದೆ. ಅಲ್ಲೇ ಕೆಟ್ಟಿತು. ಓದಿದ್ದರೆ ಮರಾಠಿ ಮನೆಮಾತಿನ ಆಕೆ ಅಲ್ಲೇ ತಪ್ಪು ಹಿಡಿಯುತ್ತಿದ್ದರು. ಸಾರಾಂಶ ಕೇಳಿ ಅವರ ಕಣ್ಣು ತುಂಬಿ ಬಂತು. ತಮ್ಮ ಪೂರ್ವಜರು ಸೇನಾಪತಿಗಳೆಂದು ಸಂಜೆಯೊಳಗೆ ಭೋರಿನಲ್ಲಿ ಎಲ್ಲರಿಗೂ ಗೊತ್ತಾಯಿತು.

ನಮ್ಮ ಹೌಸಿಂಗ್ ಸೊಸೈಟಿಯ ವಾರ್ಷಿಕ ಕಾರ್ಯಕ್ರಮದಲ್ಲಿ ನನ್ನ ಉಪನ್ಯಾಸ ಇಟ್ಟರು. ವಿನಾಯಕರಾವ್ ಕೇಸರಿ ಫೇಟಾ ಸುತ್ತಿ, ಯಾವುದೋ ನಾಟಕ ಮಂಡಳಿಯ ಕತ್ತಿ ಸಿಕ್ಕಿಸಿಕೊಂಡು ಬಂದರು. ಗೋಡೆಗೆ 'ಸೇನಾಪತಿ ಮನೆತನ' ಎಂಬ ಬ್ಯಾನರ್. ಮುಖ್ಯ ಅತಿಥಿಯಾಗಿ ವಸುಧಾ ಮೇಡಂ. ಅವರನ್ನು ನಾನೇ ಕರೆದಿದ್ದೆ; ಶಿಷ್ಯನ ಏಳಿಗೆಯನ್ನು ಗುರು ಕಣ್ಣಾರೆ ನೋಡಲಿ ಎಂದು.

ನಕಾಶೆಯ ಮೇಲೆ ಕೋಲಿಟ್ಟು ವರ್ಹಾಡದ ಸೈನ್ಯವನ್ನು ಸಾಸವಡಕ್ಕೆ ತಂದೆ. ಫಿರಂಗಿಗಳನ್ನು ಘಾಟು ಹತ್ತಿಸಿದೆ. ವಿಹೀನ್ ಭಾಈಗೆ ದಪ್ಪ ಮೀಸೆಯನ್ನೂ ಇಟ್ಟೆ, ಪತ್ರದಲ್ಲಿ ಇರದಿದ್ದರೂ. ಚಪ್ಪಾಳೆಯೋ ಚಪ್ಪಾಳೆ. ಆಗ ಮೇಡಂ ಪತ್ರವನ್ನೊಮ್ಮೆ ನೋಡಬಹುದೇ ಎಂದು ಕೇಳಿದರು. ಹೆಮ್ಮೆಯಿಂದ ಕೊಟ್ಟೆ.

ಓದುತ್ತಾ ಓದುತ್ತಾ ಅವರ ಭುಜ ಕುಲುಕತೊಡಗಿತು. ಭಾವುಕರಾದರು ಎಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಮೈಕಿನಲ್ಲೇ ಮರಾಠಿಯಲ್ಲಿ ಹೇಳಿದರು:

"ಕಾಕಾ, ಹೇ ತೋಫ ನಾಹೀ. ತೂಪ ಆಹೇ."

ಫಿರಂಗಿ ಅಲ್ಲ, ತುಪ್ಪ!

ಆಮೇಲೆ ಅವರು ಒಂದೊಂದಾಗಿ ನನ್ನ ಯುದ್ಧವನ್ನು ಬಿಚ್ಚಿದರು. 'ವರ್ಹಾಡ' ಎಂದರೆ ಮದುವೆಯ ದಿಬ್ಬಣ ಎಂದೂ ಅರ್ಥ. ದಿಬ್ಬಣ ಸಾಸವಡದಲ್ಲಿ ಇಳಿದಿತ್ತು. ಗೋಳೆಗಳು ಹೋಳಿಗೆಗೆ ಕಟ್ಟಿಟ್ಟ ಹೂರಣದ ಉಂಡೆಗಳು. ವಿಹೀನ್ ಭಾಈ ಭಾಈಯೇ ಅಲ್ಲ, 'ವಿಹೀಣಬಾಈ', ಗಂಡಿನ ತಾಯಿ, ಅಂದರೆ ಬೀಗತಿ. ಹಿಂದಿನ ಊಟದಲ್ಲಿ ತುಪ್ಪ ಕಡಿಮೆ ಬಡಿಸಿದರೆಂದು ಆಕೆ ಮುನಿಸಿಕೊಂಡಿದ್ದರು. ಮದುವೆ ನಿಂತುಹೋಗುವ ಭಯ, ಅದಕ್ಕೇ ಒಪ್ಪಂದದ ಮಾತು.

ಸಭಾಂಗಣ ಕುರ್ಚಿ ಸಮೇತ ನಕ್ಕಿತು. ನಾನು ನಕಾಶೆಯ ಹಿಂದೆ ನಿಂತೆ. ವಿನಾಯಕರಾವ್ ಮುಖ ನೋಡುವ ಧೈರ್ಯವಾಗಲಿಲ್ಲ. ಎಷ್ಟೆಂದರೂ ಅವರ ಸೊಂಟದಲ್ಲಿ ಕತ್ತಿಯಿತ್ತು.

ಶೈಲಾತಾಯಿ ಎದ್ದು ನಿಂತು, ಇದನ್ನು ಬರೆದವರು ಯಾರು ಎಂದು ಕೇಳಿದರು. ಮೇಡಂ ಕೊನೆಯ ಸಾಲು ಓದಿದರು. ಮದುಮಗಳ ತಾಯಿ ಯಮುನಾಬಾಯಿ, ತಮ್ಮನಿಗೆ ಬರೆಸಿದ ಪತ್ರ. ಆ ಮನೆಯ ವಂಶವೃಕ್ಷದಲ್ಲಿ ಬರೀ ಗಂಡಸರ ಹೆಸರುಗಳಂತೆ. ಯಮುನಾಬಾಯಿ ಎಂಬುವರು ಇದ್ದರೆಂದೇ ಯಾರಿಗೂ ಗೊತ್ತಿರಲಿಲ್ಲ. ಶೈಲಾತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಈ ಸಲ ನನ್ನ ಸಾರಾಂಶ ಬೇಕಾಗಲಿಲ್ಲ.

ವಿನಾಯಕರಾವ್ ಫೇಟಾ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಚಿಂತೆಯಿಂದ ಕೇಳಿದರು: "ಮಗ ತೂಪ ಮಿಳಾಲಂ ಕಾ?"

ಹಾಗಾದರೆ ತುಪ್ಪ ಸಿಕ್ಕಿತೇ? ಇಡೀ ಸೊಸೈಟಿಗೆ ಈಗ ಅದೇ ಚಿಂತೆ. ನನ್ನ ಯುದ್ಧದಲ್ಲಿ ಯಾರು ಗೆದ್ದರೆಂದು ಒಬ್ಬರೂ ಕೇಳಿರಲಿಲ್ಲ, ಯಮುನಾಬಾಯಿಯ ತುಪ್ಪಕ್ಕಾಗಿ ಎಲ್ಲರೂ ಕುರ್ಚಿಯ ತುದಿಗೆ ಬಂದಿದ್ದರು. ಉತ್ತರ ಗಂಟಿನ ಉಳಿದ ಪತ್ರಗಳಲ್ಲಿ ಇರಬಹುದು ಎಂದರು ಮೇಡಂ.

ಈಗ ಪ್ರತಿ ಭಾನುವಾರ ಶೈಲಾತಾಯಿಯ ಮನೆಯಲ್ಲಿ ವಾಚನ. ಮೇಡಂ ಓದುತ್ತಾರೆ, ಸುನಂದಾ ಬರೆದುಕೊಳ್ಳುತ್ತಾಳೆ, ಅಕ್ಕಪಕ್ಕದವರೆಲ್ಲ ಬಂದು ಕೂರುತ್ತಾರೆ. ನನಗೂ ಒಂದು ಜವಾಬ್ದಾರಿ ಕೊಟ್ಟಿದ್ದಾರೆ: ಫ್ಯಾನಿನ ಗಾಳಿಗೆ ಪತ್ರ ಹಾರದಂತೆ ಮೂಲೆ ಹಿಡಿದುಕೊಳ್ಳುವುದು. ಕರೆಂಟು ಹೋದ ದಿನ ಅದೂ ಇಲ್ಲ.