ಹೆಂಡತಿಗೆ ನಾನು ಬರೆದ ಅರ್ಜಿ

ಕಣ್ಣೀರು ತರಿಸುವುದು ನನ್ನ ಕಸುಬಾಗಿತ್ತು. ತಪ್ಪು ತಿಳಿಯಬೇಡಿ, ಕಾಗದದ ಮೇಲೆ ಮಾತ್ರ. ನಿಜಾಮರ ಕಾಲದಲ್ಲಿ ಮಕ್ತಲ್‌ನಲ್ಲಿ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಚಾಪೆ ಹಾಸಿ ಕುಳಿತು ನಾನು ಅರ್ಜಿ ಬರೆಯುತ್ತಿದ್ದೆ. ಜನರಿಗೆ ಬರುತ್ತಿದ್ದದ್ದು ಕನ್ನಡ ಮತ್ತು ತೆಲುಗು. ಸರ್ಕಾರಕ್ಕೆ ಬರುತ್ತಿದ್ದದ್ದು ಉರ್ದು. ನಡುವೆ ನಾನು. ಒಮ್ಮೆ ಒಬ್ಬ ವಿಧವೆಯ ಅರ್ಜಿ ಬರೆದು, ಅದರ ಅರ್ಥವನ್ನು ಆಕೆಗೇ ಕನ್ನಡದಲ್ಲಿ ಹೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಪಾಪ, ಯಾವೂರಾಕಿರಿ ಈ ಹೆಣ್ಮಗಳು? ಇಷ್ಟು ಕಷ್ಟ ಐತೇನು ಆಕಿಗಿ?” ಎಂದು ಕೇಳಿದಳು.

ಇಂಥ ಕೈಗುಣದವನಿಗೆ ಸ್ವಂತ ಹೆಂಡತಿಯನ್ನು ಸಮಾಧಾನ ಮಾಡುವುದು ಯಾವ ದೊಡ್ಡ ಕೆಲಸ? ನಾನು ಹಾಗೇ ತಿಳಿದಿದ್ದೆ. ಇಡೀ ಗದ್ವಾಲ ನನ್ನನ್ನು ನೋಡಿ ನಗುವವರೆಗೂ ಹಾಗೇ ತಿಳಿದಿದ್ದೆ.

ನನ್ನ ಹೆಂಡತಿ ನೀಲಮ್ಮನ ತವರು ಗದ್ವಾಲ. ನಮ್ಮ ಮದುವೆಯಾಗಿ ಆರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಒಂದು ಮಧ್ಯಾಹ್ನ ಆ ಕಡೆಯಿಂದ ಬಂದ ಬಳೆಗಾರ, ಅವಳ ತವರಿನ ಆಕಳು ಕೆಂಪಿ ಸತ್ತುಹೋಯಿತೆಂದು ಸುದ್ದಿ ಹೇಳಿ ಹೋದ. ನಾನು ಮನೆಗೆ ಬಂದಾಗ ಅವಳು ಒಲೆಯ ಮುಂದೆ ಕುಳಿತು ಅಳುತ್ತಿದ್ದಳು. ನಾನು ಕೂಡಲೇ ವಿಚಾರಣೆಗೆ ಇಳಿದೆ.

“ಎಷ್ಟು ವಯಸ್ಸಾಗಿತ್ತು ಅದಕ್ಕ?”

“ಹದಿನಾರು.”

“ಹಂಗಾದ್ರ ಅದರ ಆಯುಷ್ಯ ಮುಗಿದಿತ್ತು. ಅದಕ್ಕ ಅಳಾದೇನೈತಿ?”

ಅವಳ ಅಳು ಹೆಚ್ಚಾಯಿತು. ಮೊದಲನೆಯ ವಾದ ಬಿದ್ದರೆ ಎರಡನೆಯದನ್ನು ಮುಂದಿಡಬೇಕು, ಅದು ನಮ್ಮ ಕಸುಬಿನ ನಿಯಮ. “ಹೋದದ್ದು ಹೋತು. ಇನ್ನೊಂದು ತಂದ್ರಾತು, ಬಿಡು,” ಎಂದೆ.

ಅಳು ಥಟ್ಟನೆ ನಿಂತಿತು. ನಾನು ಗೆದ್ದೆ ಎಂದುಕೊಂಡು ಕೈಕಾಲು ತೊಳೆಯಲು ಹೋದೆ. ಹೆಂಡತಿ ಅಳು ನಿಲ್ಲಿಸಿದರೆ ಗಂಡ ಗೆದ್ದಂತೆ ಎಂದು ನನಗೆ ಯಾವ ಪುಣ್ಯಾತ್ಮ ಕಲಿಸಿದ್ದನೋ, ಈಗ ಸಿಕ್ಕರೆ ಅವನ ಮೇಲೊಂದು ಅರ್ಜಿ ಬರೆಯುತ್ತೇನೆ.

ಅಂದಿನಿಂದ ಅವಳು ನನ್ನೊಂದಿಗೆ ಮಾತು ಬಿಟ್ಟಳು. ಏನು ಹೇಳುವುದಿದ್ದರೂ ಮನೆಯ ಬೆಕ್ಕಿಗೆ ಹೇಳುವಳು. “ಏ ಬೆಕ್ಕೇ, ರೊಟ್ಟಿ ಆಗ್ಯಾವ ಅಂತ ಹೇಳು.” ನಾನೂ ಸೋಲುವವನಲ್ಲ. “ಏ ಬೆಕ್ಕೇ, ಪಲ್ಯಾ ಏನೈತಿ ಕೇಳು.” ಬೆಕ್ಕು ಇಬ್ಬರ ಮುಖವನ್ನೂ ನೋಡಿ ಹಾಲಿನ ಪಾತ್ರೆಯ ಕಡೆ ಹೋಗುತ್ತಿತ್ತು. ಐದನೆಯ ದಿನ ಬೆಳಗ್ಗೆ, “ಏ ಬೆಕ್ಕೇ, ನಾ ಅವ್ವನ್ನ ನೋಡಾಕ ಹೋಗ್ತೀನಿ,” ಎಂದು ಹೇಳಿ, ಗದ್ವಾಲದ ಕಡೆ ಹೊರಟಿದ್ದ ನೆಂಟರ ಗಾಡಿ ಹತ್ತಿ ಹೋದಳು. ಎಂದು ಬರುತ್ತೇನೆ ಎಂಬುದನ್ನು ಬೆಕ್ಕಿಗೂ ಹೇಳಲಿಲ್ಲ.

ಒಂದು ವಾರ ಹೋಯಿತು, ಎರಡು ವಾರ ಹೋಯಿತು. ನಾನು ತಟ್ಟಿದ ಜೋಳದ ರೊಟ್ಟಿ ಹೆಂಚಿಗೆ ಅಂಟಿಕೊಂಡರೆ ಹೆಂಚನ್ನೇ ಒಡೆಯಬೇಕು, ಹಾಗಿತ್ತು. ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಒಂದು ಸಂಜೆ ಕಚೇರಿಯ ಮುಂದೆ ಯಾವನೋ ಗಿರಾಕಿ ನಾಲ್ಕು ಜನರೆದುರು ನನ್ನನ್ನು ಬೈದಿದ್ದ. ಮನೆಗೆ ಬಂದೆ. ಬೇರೆ ಯಾರೂ ಇಲ್ಲದ್ದರಿಂದ ಬೆಕ್ಕಿಗೇ ಹೇಳಿದೆ. ಅದು ಅರ್ಧ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿತು. ನೀನೇನು ಅಂದಿದ್ದೆ ಎಂದು ಕೇಳಲಿಲ್ಲ. ಸಾಕ್ಷಿ ಯಾರು ಎಂದೂ ಕೇಳಲಿಲ್ಲ. ಆ ಸಂಜೆ ನಾನು ಸುಟ್ಟ ರೊಟ್ಟಿಯನ್ನೇ ಎರಡು ತಿಂದೆ. ಯಾಕೆ ಅಷ್ಟು ಹಗುರಾಯಿತೆಂದು ಯೋಚಿಸುವ ಬುದ್ಧಿ ಮಾತ್ರ ಬರಲಿಲ್ಲ.

ಮೂರನೆಯ ವಾರ ಪಕ್ಕದ ಮನೆಯ ಮುದುಕಿ ತಿಪ್ಪಮ್ಮ ಬಾಗಿಲಲ್ಲಿ ನಿಂತು, “ಊರ ಮಂದಿಗೆಲ್ಲ ಕಾಗದ ಬರೀತೀಯಪ್ಪ. ಹೆಂಡ್ತಿಗೊಂದು ಬರಿಯಾಕ ಬರಂಗಿಲ್ಲೇನು ನಿನಗ?” ಎಂದಳು.

ಬರುವುದಿಲ್ಲವೆ? ನನಗೆ? ಆಗಲೇ ದೌತಿ, ಲೇಖಣಿ ತೆಗೆದು ಕುಳಿತೆ. ಮೊದಲು ಕನ್ನಡದಲ್ಲಿ ಶುರು ಮಾಡಿದೆ. ನನ್ನ ಕನ್ನಡ ಅಕ್ಷರವೆಂದರೆ ಅಯ್ಯನವರ ಮಠದಲ್ಲಿ ಮರಳಿನ ಮೇಲೆ ತಿದ್ದಿದ್ದು, ಆಮೇಲಿನ ಶಾಲೆಯೆಲ್ಲ ಉರ್ದುವಿನಲ್ಲಿ. ‘ನೀಲಮ್ಮಗ’ ಎಂದು ಬರೆದೆ. ಮುಂದೇನು ಬರೆಯಬೇಕು? ತಾಸು ಹೊತ್ತು ಕುಳಿತೆ. ಇನ್ನೊಬ್ಬರ ದುಃಖವಾದರೆ ಎರಡು ಹಾಳೆ ತುಂಬಿಸುವ ನನಗೆ ನನ್ನದೆಂದರೆ ಒಂದು ಸಾಲು ಹುಟ್ಟಲಿಲ್ಲ. ಸಿಟ್ಟು ಬಂದು ಆ ಹಾಳೆಯನ್ನು ಹರಿದು, ಉರ್ದುವಿನಲ್ಲಿ ಶುರು ಮಾಡಿದೆ. ಲೇಖಣಿ ಓಡಿತು.

ಓಡಿದ್ದೇ ತಪ್ಪಾಯಿತು. ಅರ್ಜಿಯ ಜೀವ ಇರುವುದು ಎದುರುಪಕ್ಷದ ತಪ್ಪಿನಲ್ಲಿ. ತಪ್ಪು ತೋರಿಸದ ಅರ್ಜಿಯನ್ನು ನಾನು ಹುಟ್ಟಿದಾಗಿನಿಂದ ಬರೆದವನಲ್ಲ. ಆದ್ದರಿಂದ, ಸದರಿ ನೀಲಮ್ಮ ಯಾವ ಕಾರಣವನ್ನೂ ತಿಳಿಸದೆ ಮನೆ ಬಿಟ್ಟಿರುತ್ತಾಳೆ. ಕೇಳಿದ ಪ್ರಶ್ನೆಗಳಿಗೆ ಬೆಕ್ಕಿನ ಮುಖಾಂತರವಲ್ಲದೆ ಉತ್ತರ ಕೊಟ್ಟಿರುವುದಿಲ್ಲ. ಸದರಿ ಆಕಳಿನ ವಯಸ್ಸು ಹದಿನಾರೆಂದು ತಾನೇ ಒಪ್ಪಿರುತ್ತಾಳೆ. ಅರ್ಜಿದಾರನು ಅತ್ಯಂತ ದುಃಖದಲ್ಲಿ ಇರುತ್ತಾನೆ ಎಂದೆಲ್ಲ ಬರೆದೆ. ಎದುರುಪಕ್ಷಕ್ಕೆ ಕಳಿಸುವ ಕಾಗದದ ಕೊನೆಗೆ ಬರೆಯುವ ಒಂದು ಸಾಲಿದೆ. ಕಾಗದ ತಲುಪಿದ ಎಂಟು ದಿನದೊಳಗೆ ಸ್ವತಃ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಏಕತರ್ಫಾ ಫೈಸಲಾ ಮಾಡಲಾಗುವುದು. ಅದನ್ನು ನಾನು ಬರೆಯಲಿಲ್ಲ, ನನ್ನ ಕೈ ತಾನೇ ಬರೆಯಿತು. ಓದಿಕೊಂಡಾಗ ನನಗೇ ಕಣ್ಣು ತುಂಬಿ ಬಂತು. ಅಷ್ಟು ಚೆನ್ನಾಗಿತ್ತು.

ಗಂಡ ಹೆಂಡಿರ ಗುಟ್ಟು ಬೇರೆಯವರಿಗೆ ತಿಳಿಯಬಾರದಲ್ಲವೆ? ಮಡಚಿ, ಕೆಂಪು ಅರಗು ಒತ್ತಿ, ಗದ್ವಾಲದಲ್ಲಿದ್ದ ಅಕ್ಕನ ಮನೆಗೆ ಹೊರಟಿದ್ದ ಕಚೇರಿಯ ಚಪ್ರಾಸಿ ಖಾಸಿಂನ ಕೈಗೆ ಕೊಟ್ಟೆ. ಖಾಸಿಂ ಒಳ್ಳೆಯವನು. ಆದರೆ ರಜೆಯಲ್ಲೂ ಸೊಂಟದ ಪಟ್ಟಿ, ಹಿತ್ತಾಳೆಯ ಬಿಲ್ಲೆ ಇಲ್ಲದೆ ಊರಾಚೆ ಕಾಲಿಡುವವನಲ್ಲ. ನೀಲಮ್ಮನಿಗೆ ಉರ್ದು ಓದಲು ಬರುವುದಿಲ್ಲ ಎಂಬ ಸಣ್ಣ ವಿಷಯ ನನ್ನ ನೆನಪಿಗೆ ಬಂದದ್ದು ಅವನು ಕೃಷ್ಣಾ ಹೊಳೆ ದಾಟಿದ ಮೇಲೆ.

ನಾಲ್ಕನೆಯ ದಿನ ಖಾಸಿಂ ತಿರುಗಿ ಬಂದು ಬೇವಿನ ಮರದ ಕೆಳಗೆ ಕುಕ್ಕರಿಸಿದ.

“ಚಿಟ್ಟಿ ಕೊಟ್ಟೆ ಮುನ್ಶೀಜಿ. ನನ್ನ ಬಿಲ್ಲೆ ನೋಡಿ ನಿಮ್ಮ ಮಾವ ಹಿತ್ತಲ ಬಾಗಲಿಂದ ಓಡಿಹೋದ್ರು. ಹೊಲ ಜಪ್ತಿ ಮಾಡಾಕ ಬಂದಾರ ಅಂತ ತಿಳ್ಕೊಂಡ್ರಂತ. ಆಮ್ಯಾಲ ಓಣಿ ಮಂದೆಲ್ಲ ಕೂಡಿದ್ರು.”

“ಓದಿದವ್ರು ಯಾರು?”

“ಅಲ್ಲೊಬ್ಬ ಮುದುಕ ಮುನ್ಶಿ ಅದಾನ. ಕಟ್ಟಿ ಮ್ಯಾಲ ನಿಂತು ಜೋರಾಗಿ ಓದಿದ, ಎಲ್ಲಾರಿಗೂ ಕೇಳ್ಲಿ ಅಂತ. ಬೆಕ್ಕಿನ ಮಾತು ಬಂದಾಗ ಮಂದಿ ಬಾಳ ನಕ್ರು. ಎರಡು ಸಲ ಓದ್ಸಿದ್ರು ಅದನ್ನ.”

ನಾನು ತಲೆ ಹಿಡಿದುಕೊಂಡೆ.

“ಕಡೀಗಿ ಏಕತರ್ಫಾ ಅಂದ್ರೇನು ಅಂತ ನಿಮ್ಮ ಅತ್ತಿ ಕೇಳಿದ್ರು. ಈಕಿ ಹೋಗಲಿಲ್ಲಂದ್ರ ಈಕಿನ್ನ ಕೇಳಲಾರದ ಅವ್ರ ತೀರ್ಮಾನ ಮಾಡ್ತಾರ ಅಂತ ಮುನ್ಶಿ ಹೇಳಿದ. ‘ಅಂದ್ರ ಇನ್ನೊಂದು ಮದಿವಿ’ ಅಂದ್ರು ನಿಮ್ಮ ಅತ್ತಿ. ಓಣಿಯೆಲ್ಲ ಹೌದಂತು. ನನಗ ಕುಡಿಯಾಕ ನೀರೂ ಕೊಡ್ಲಿಲ್ರಿ.”

“ನೀಲಮ್ಮ ಏನಂದ್ಲು?”

“ಎದ್ದು ಒಳಗ ಹೋದ್ರು.”

ಅಷ್ಟು ಹೊತ್ತು ನನ್ನ ಮರ್ಯಾದೆ ಹೋಯಿತೆಂದು ಉರಿಯುತ್ತಿದ್ದವನಿಗೆ ಈಗ ಹೆದರಿಕೆಯಾಯಿತು. ಇನ್ನೊಂದು ಮದುವೆಯ ಮಾತನ್ನು ನಮ್ಮ ಕಡೆಯ ಹಿರಿಯರು ಆಡುತ್ತಲೇ ಇದ್ದರು. ನಾನು ಒಂದು ಸಲವೂ ಅದನ್ನು ಮನಸ್ಸಿಗೆ ತಂದುಕೊಂಡಿರಲಿಲ್ಲ. ತಂದುಕೊಂಡಿಲ್ಲ ಎಂದು ಒಂದು ಸಲವೂ ಅವಳಿಗೆ ಹೇಳಿರಲಿಲ್ಲ. ಈಗ ಇನ್ನೊಬ್ಬಳನ್ನು ತರುತ್ತೇನೆ ಎಂಬಂತೆ ಅರಗು ಒತ್ತಿ ಲಿಖಿತದಲ್ಲಿ ತಿಳಿಸಿದ್ದೆ. ಇನ್ನು ಅವಳು ಬಂದಾಳೆ?

ಮರುದಿನವೇ ಹೊರಟೆ. ಬರಿಗೈಯಲ್ಲಿ ಹೋಗಬಾರದೆಂದು ನಾರಾಯಣಪೇಟೆಯ ಚೌಕಳಿ ಸೀರೆಯೊಂದನ್ನು ಗಂಟು ಕಟ್ಟಿಕೊಂಡೆ. ಕೃಷ್ಣೆಯನ್ನು ಹರಗೋಲಿನಲ್ಲಿ ದಾಟುವಾಗ, ಅವಳಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡತೊಡಗಿದೆ. “ನನ್ನ ಕಡೆಯಿಂದ ತಪ್ಪಾಗಿರುತ್ತದೆ. ನನ್ನ ಕಡೆಯಿಂದ ತಪ್ಪಾಗಿರುತ್ತದೆ.”

ಅಂಬಿಗ ಹುಟ್ಟು ನಿಲ್ಲಿಸಿ ನೋಡಿದ. “ಯಾರಿಗ್ರಿ ಹೇಳಾಕ ಹತ್ತೀರಿ?”

“ಹೆಂಡ್ತಿಗಿ.”

“ಹಂಗಾದ್ರ ‘ಇರುತ್ತದೆ’ ಬಿಟ್ಟು ಹೇಳ್ರಿ. ಜಪ್ತಿಗೆ ಅಮೀನ ಬಂದು ಹೇಳಿದಂಗ ಐತಿ,” ಎಂದು ಮತ್ತೆ ಹುಟ್ಟು ಹಾಕಿದ. ಹೊಳೆ ನಡುವೆ ಇದ್ದುದರಿಂದ ನಾನು ಜಗಳ ತೆಗೆಯಲಿಲ್ಲ.

ಗದ್ವಾಲದ ಓಣಿಯಲ್ಲಿ ಹೆಂಗಸರು ಬಾಗಿಲಿಗೆ ಬಂದು ನಿಂತು ನನ್ನನ್ನು ನೋಡಿದರು. ಒಬ್ಬಾಕೆ ತನ್ನ ಬೆಕ್ಕನ್ನು ಎತ್ತಿಕೊಂಡು ತೋರಿಸಿದಳು. ಮನೆಯ ಬಾಗಿಲಲ್ಲಿ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಬರ್ರಿ ಅಳಿಯಂದ್ರ. ಒಬ್ರ ಬಂದೀರೋ, ಹೊಸಾಕಿನ್ನ ಕರ್ಕೊಂಡ ಬಂದೀರೋ?”

ನಾನು ಸೀರೆಯ ಗಂಟನ್ನು ಮುಂದೆ ಹಿಡಿದೆ. ಅತ್ತೆ ಬಿಚ್ಚಿ ನೋಡಿದರು. “ಗದ್ವಾಲಕ್ಕ ಸೀರಿ ತಂದೀರಿ. ಹೋಗುಮುಂದ ಹೊಳಿಗಿ ಒಂದು ಕೊಡ ನೀರೂ ಒಯ್ರಿ.” ಅವರ ಮನೆಯ ಎರಡೂ ಪಕ್ಕದಲ್ಲಿ ಸೀರೆ ನೇಯುವ ಮಗ್ಗಗಳ ಸದ್ದು ಕೇಳುತ್ತಿತ್ತು. ಅಲ್ಲಿಯೂ ನಾನೇ ದಡ್ಡ.

ನೀಲಮ್ಮ ಹಿತ್ತಲಲ್ಲಿದ್ದಳು. ಕೊಟ್ಟಿಗೆಯಲ್ಲಿ ಕೆಂಪಿಯನ್ನು ಕಟ್ಟುತ್ತಿದ್ದ ಗೂಟ ಹಾಗೇ ಇತ್ತು, ಹಗ್ಗವೂ ಇತ್ತು. ಅವಳು ಅದರ ಪಕ್ಕ ಕುಳಿತು ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಬಾಯಿಪಾಠ ಶುರು ಮಾಡಿದೆ. “ನನ್ನ ಕಡೆಯಿಂದ...”

“ಕೆಂಪಿ ಸತ್ತಾಗ ಏನಂದ್ರಿ?” ಬೆಕ್ಕಿಲ್ಲದೆ ನನಗೇ ಕೇಳಿದ ಮೊದಲ ಮಾತು.

“ಅದರ ಆಯುಷ್ಯ ಮುಗಿದಿತ್ತು ಅಂದೆ.”

“ಅದರ ಮುಂದ?”

“ಇನ್ನೊಂದು ತಂದ್ರಾತು ಅಂದೆ.”

ಅವಳು ಮೊರವನ್ನು ಕೆಳಗಿಟ್ಟಳು. “ನಿಮ್ಮ ಮಂದಿ ಮೂರು ನಾಕು ವರ್ಷದಿಂದ ನನ್ನ ಮುಂದ ಅದ ಮಾತು ಅಂತಾರ. ಇನ್ನೊಂದು ತಂದ್ರಾತು ಅಂತ. ನಾನೂ ಆಕಳ ಇದ್ದಂಗ. ಅದನ್ನ ಯಾರ ಮುಂದ ಹೇಳ್ಲಿ? ಅವ್ವಗ ಹೇಳಿದ್ರ ಅಳ್ತಾಳ. ನಿಮಗ ಹೇಳಿದ್ರ ಯಾರಂದ್ರು, ಯಾವಾಗಂದ್ರು, ಸಾಕ್ಷಿ ಯಾರು ಅಂತೀರಿ. ಇಲ್ಲಿಗೆ ಬಂದಾಗ ಕೆಂಪಿ ಕಿವ್ಯಾಗ ಹೇಳಿ ಹೋಗ್ತಿದ್ದೆ. ಈಗ ಅದೂ ಇಲ್ಲ.”

ಯಾರಂದ್ರು, ಯಾವಾಗಂದ್ರು ಎಂಬ ಎರಡೂ ಪ್ರಶ್ನೆ ನನ್ನ ನಾಲಗೆಯ ತುದಿಗೆ ಬಂದಿದ್ದವು, ಸುಳ್ಳು ಹೇಳುವುದಿಲ್ಲ. ಹೊರಗೆ ಬರಲಿಲ್ಲ. ಅದು ನನ್ನ ಜಾಣತನವಲ್ಲ, ಆ ಖಾಲಿ ಗೂಟ ಕಣ್ಣಿಗೆ ಬಿದ್ದಿತ್ತು. ಆರು ವರ್ಷ ನನ್ನ ಮಗ್ಗುಲಲ್ಲಿದ್ದವಳು ತನ್ನ ಹೆದರಿಕೆಯನ್ನು ಹೇಳಿಕೊಳ್ಳಲು ಹೊಳೆ ದಾಟಿ ಆಕಳ ಹತ್ತಿರ ಬರುತ್ತಿದ್ದಳು. ನಾನು ಊರಿನ ದುಃಖವನ್ನೆಲ್ಲ ಚಾಪೆಯ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದೆ. ನನಗೆ ನಾಚಿಕೆಯಾಯಿತು.

“ಇನ್ನೊಂದು ನಾ ಎಂದೂ ನೆನಸಿಲ್ಲ,” ಎಂದೆ. “ಆ ಸಾಲು ನಾ ಎಲ್ಲಾರಿಗೂ ಬರೀತೀನಿ. ಕೈ ರೂಢಿ. ನನಗ ನೀನ ಬೇಕು. ಮನಿ ಬಣಬಣ ಅಂತೈತಿ, ಬೆಕ್ಕಿನ ಕೂಡ ಮಾತಾಡಾಕ ಹತ್ತೀನಿ.”

ಅವಳು ಮೊದಲ ಸಲ ತಲೆ ಎತ್ತಿದಳು. “ಬೆಕ್ಕು ಏನಂತು?”

“ಏನೂ ಅನ್ಲಿಲ್ಲ. ಸುಮ್ನ ಕುಂತು ಕೇಳ್ತು. ಹೊಟ್ಟಿ ತಂಪಾತು.”

“ನಾ ನಿಮಗ ಕೇಳಿದ್ದೂ ಅಷ್ಟ ಅಲ್ಲೇನ್ರಿ?”

ನಾನು ಮೊರದ ಜೋಳದಲ್ಲಿ ಕಲ್ಲು ಆರಿಸತೊಡಗಿದೆ. ಧೈರ್ಯ ಮಾಡಿ, “ಆ ಕಾಗದ ಎಲ್ಲೈತಿ?” ಎಂದು ಕೇಳಿದೆ.

“ಅವ್ವ ಒಲಿಗಿ ಹಾಕಿದ್ಲು. ಬೆಂಕೀನೂ ಒಮ್ಮೆಲೆ ಮುಟ್ಲಿಲ್ಲಂತ ಅದನ್ನ,” ಎಂದು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಕೇಳಲೂ ಇಲ್ಲ, ಅಷ್ಟು ಕಲಿತಿದ್ದೆ. ಎರಡು ದಿನದ ಮೇಲೆ ಮಕ್ತಲ್‌ಗೆ ಬಂದಳು, ಆ ಚೌಕಳಿ ಸೀರೆ ಉಟ್ಟುಕೊಂಡೇ ಬಂದಳು.

ಇಲ್ಲಿಗೆ ಮುಗಿದಿದ್ದರೆ ನಾನು ನಿಮ್ಮೆದುರು ಎದೆಯುಬ್ಬಿಸಿ ನಿಲ್ಲಬಹುದಿತ್ತು. ಬಂದ ದಿನವೇ ಅವಳು ನನಗೊಂದು ನಿಯಮ ಹಾಕಿದಳು. ತಾನು ಹೇಳಿ ಮುಗಿಸುವ ತನಕ ನಾನು ಬಾಯಿ ತೆರೆಯಬಾರದು. ಮರುದಿನ ಸಂಜೆ, ಬಾವಿಯ ಹತ್ತಿರ ಯಾರೋ ತನಗೆ ಅಂದ ಮಾತನ್ನು ಹೇಳತೊಡಗಿದಳು. ನಾನು ಹಲ್ಲು ಕಚ್ಚಿ ಕೇಳಿದೆ. ಅರ್ಧದವರೆಗೆ ಕೇಳಿದೆ. ಆಮೇಲೆ ನನ್ನ ಬಾಯಿಯಿಂದ ತಾನಾಗಿ ಬಂತು: “ಆವಾಗ ಅಲ್ಲಿ ಮತ್ಯಾರ್ಯಾರಿದ್ರು?”

ಅವಳು ಸಿಟ್ಟಾಗಲಿಲ್ಲ. ಮೆಲ್ಲಗೆ ಬೆಕ್ಕಿನ ಕಡೆ ತಿರುಗಿ ಉಳಿದರ್ಧವನ್ನು ಅದಕ್ಕೆ ಹೇಳಿದಳು. “ನೀವೂ ಬೇಕಾದ್ರ ಬಾಜೂಕ ಕುಂತು ಕೇಳ್ರಿ,” ಎಂದು ನನಗೆ ಅಪ್ಪಣೆ ಕೊಟ್ಟಳು. ಕುಳಿತೆ.

ಅಂದಿನಿಂದ ಕುಳಿತೇ ಇದ್ದೇನೆ. ಆ ಬೆಕ್ಕು ಸತ್ತಾಗ ನೀಲಮ್ಮ ಅತ್ತಳು. ನಾನು ಅದರ ವಯಸ್ಸು ಕೇಳಲಿಲ್ಲ, ಇನ್ನೊಂದು ತರುವ ಮಾತೆತ್ತಲಿಲ್ಲ, ಪಕ್ಕದಲ್ಲಿ ಕುಳಿತು ನಾನೂ ಸ್ವಲ್ಪ ಅತ್ತೆ. ಈ ಸಲ ಪಾಸಾದೆ ಎಂದುಕೊಂಡೆ. ಮರುವಾರ ಅವಳೇ ತಿಪ್ಪಮ್ಮನ ಮನೆಯಿಂದ ಒಂದು ಮರಿಯನ್ನು ತಂದಳು. ನಮ್ಮ ಕಚೇರಿಯಲ್ಲಿ ಸಂಬಳವಿಲ್ಲದೆ ಕೆಲಸ ಕಲಿಯಲು ಕೂರುವವರನ್ನು ಉಮೇದುವಾರರು ಎನ್ನುತ್ತಿದ್ದರು. ನೀಲಮ್ಮನ ಮಾತು ಕೇಳುವ ಕೆಲಸದಲ್ಲಿ ಆ ಮರಿ ಬಂದ ದಿನವೇ ಖಾಯಂ ಆಯಿತು. ನಾನು ಇನ್ನೂ ಉಮೇದುವಾರ.